ಸಹಾಯ ಬೇಕು: ಈಜುಕೊಳದ ಕ್ಲೋರಿನ್ ಲೆಕ್ಕ ಗೊತ್ತಿರುವವರು ಇದ್ದೀರಾ?

ನಮಸ್ಕಾರ. ದಾವಣಗೆರೆಯಲ್ಲಿ ಮಕ್ಕಳು ಈಜು ಕಲಿಯುವ ಸಣ್ಣ ಕೊಳ ನೋಡಿಕೊಳ್ಳುತ್ತೇನೆ. ಭಾನುವಾರ ಒಂದು ಮಗು ನೀರಲ್ಲೇ ಭೇದಿ ಮಾಡಿಕೊಂಡಿತು. ಪಾಪ, ಅದರ ತಪ್ಪಲ್ಲ ಬಿಡಿ. ಎಲ್ಲರನ್ನೂ ಮೇಲೆ ಹತ್ತಿಸಿ, ಗಲೀಜು ತೆಗೆದು, ಕೊಳ ಮುಚ್ಚಿದ್ದೇವೆ.

ಗಟ್ಟಿ ಮಲವಾದರೆ 2 ಪಿಪಿಎಂ (ಹತ್ತು ಲಕ್ಷ ಭಾಗ ನೀರಿಗೆ ಎರಡು ಭಾಗ) ಕ್ಲೋರಿನ್ 25 ನಿಮಿಷ ಇದ್ದರೆ ಸಾಕಂತೆ. ಭೇದಿಯಾದರೆ ಕ್ರಿಪ್ಟೊಸ್ಪೊರಿಡಿಯಂ ಅನ್ನೋ ಭೇದಿ ತರುವ ಸೂಕ್ಷ್ಮ ಪರಾವಲಂಬಿಯ ಭಯ. ಅದು ಮಾಮೂಲಿ ಕ್ಲೋರಿನ್ ನೀರಲ್ಲಿ ವಾರಕ್ಕಿಂತ ಜಾಸ್ತಿ ಬದುಕುತ್ತದೆ. ಅದಕ್ಕೇ ಪಿಎಚ್ 7.5 ದಾಟದಂತೆ ನೋಡಿಕೊಂಡು, 20 ಪಿಪಿಎಂ ಕ್ಲೋರಿನ್ ಅನ್ನು 12 ಮುಕ್ಕಾಲು ಗಂಟೆ ಉಳಿಸಬೇಕು ಅಂತ ಅಮೆರಿಕದ ಸಿಡಿಸಿ (ಸರ್ಕಾರಿ ರೋಗ ನಿಯಂತ್ರಣ ಸಂಸ್ಥೆ) ಹೇಳುತ್ತದೆ. ಇಲ್ಲಿವರೆಗೆ ಅರ್ಥವಾಯಿತು.

ತೊಡಕು ಇಲ್ಲಿ. ನಾವು ಹಾಕುವುದು ಟಿಸಿಸಿಎ ಅನ್ನೋ ಕ್ಲೋರಿನ್ ಮಾತ್ರೆ. ಅದರಿಂದ ನೀರಿಗೆ ಸಯನ್ಯೂರಿಕ್ ಆಸಿಡ್ ಸೇರಿ ಕ್ಲೋರಿನ್ ಕೆಲಸ ನಿಧಾನವಾಗುತ್ತದೆ. ಆಗ ಆ ಗಂಟೆ ಲೆಕ್ಕ ನಡೆಯುವುದಿಲ್ಲ. ನಮ್ಮ ಕಿಟ್‌ನಲ್ಲಿ ಈ ಆಸಿಡ್ ಅಳೆಯಲು ಬರುವುದಿಲ್ಲ. ಅಂಗಡಿಯವರನ್ನು ಕೇಳಿದರೆ "ಇನ್ನೂ ನಾಲ್ಕು ಮಾತ್ರೆ ಹಾಕಿ ಸಾರ್" ಅಂತಾರೆ. ಆಸಿಡ್ ಇನ್ನೂ ಏರುತ್ತೆ ಅಲ್ವಾ? ನೀರು ಪೂರ್ತಿ ಬದಲಿಸೋಣವೆಂದರೆ ಈ ಬೇಸಿಗೆಯಲ್ಲಿ ಟ್ಯಾಂಕರ್ ದರ ಕೇಳೋ ಹಾಗಿಲ್ಲ.

ಸಯನ್ಯೂರಿಕ್ ಆಸಿಡ್ ಅಳೆಯುವ ಕಿಟ್ ಅಥವಾ ಲ್ಯಾಬ್ ದಾವಣಗೆರೆ, ಹರಿಹರ, ಚಿತ್ರದುರ್ಗದ ಕಡೆ ಎಲ್ಲಿದೆ? ಅದು 15 ಪಿಪಿಎಂ ದಾಟಿದ್ದರೆ ಅರ್ಧ ನೀರು ಬದಲಿಸಿ ಇಳಿಸಿದವರು ಯಾರಾದರೂ ಇದ್ದೀರಾ?