ಸಹಾಯ ಬೇಕು: ಭೀಮಸೇನ ಜೋಶಿಯವರ ಧಾಟಿಯಲ್ಲಿ ‘ಭಾಗ್ಯದ ಲಕ್ಷ್ಮಿ’ ಕಲಿಸುವವರು ಪುಣೆಯಲ್ಲಿ ಇದ್ದಾರಾ?

ಎಲ್ಲರಿಗೂ ನಮಸ್ಕಾರ. ನಾವು ಕೋಥ್ರೂಡಿನಲ್ಲಿ ಇದ್ದೇವೆ. ಮುಂದಿನ ತಿಂಗಳು ಅಪ್ಪನಿಗೆ 75 ತುಂಬುತ್ತದೆ. ಅವತ್ತು ಮಗಳಿಂದ ‘ಭಾಗ್ಯದ ಲಕ್ಷ್ಮಿ ಬಾರಮ್ಮ’ ಹಾಡಿಸುವ ಆಸೆ.

ಅವಳು ಕಲಿತಿರುವುದು ಕರ್ನಾಟಕ ಸಂಗೀತ. ಈ ಪದವನ್ನು ಮಧ್ಯಮಾವತಿ ರಾಗದಲ್ಲಿ ಚೆನ್ನಾಗಿ ಹಾಡುತ್ತಾಳೆ. ಆದರೆ ಅಪ್ಪ ಗದಗಿನವರು. ಪದ ಪುರಂದರದಾಸರದ್ದೇ ಆದರೂ ಅಪ್ಪನಿಗೆ ಅದು ಹಿಂದೂಸ್ತಾನಿ ಗಾಯಕ ಜೋಶಿಯವರ ಹಾಡು. ಅವರೂ ಗದಗದ ಕಡೆಯಿಂದ ಬಂದು ಪುಣೆಯಲ್ಲೇ ನೆಲೆಸಿದವರು ಅಲ್ವಾ, ಅದಕ್ಕೇ ಅಪ್ಪನಿಗೆ ಆ ದನಿ ಅಂದರೆ ಊರೇ ಎದುರು ಬಂದ ಹಾಗೆ.

ಎರಡು ವಾರ ಯೂಟ್ಯೂಬ್ ಕೇಳಿಸಿದೆ. ಸಾಲು ಹಿಡಿಯುತ್ತಾಳೆ, ಆಲಾಪ ಬಂದ ಕೂಡಲೇ ಮಧ್ಯಮಾವತಿಗೆ ಜಾರುತ್ತಾಳೆ. ಎರಡೂ ಬೆರೆಸಬೇಡಿ ಅಂದರು ಅವಳ ಟೀಚರ್.

ಹಿಂದೂಸ್ತಾನಿ ಧಾಟಿಯಲ್ಲಿ ದಾಸರ ಪದ ಕಲಿಸುವ ಕನ್ನಡದವರು ಕೋಥ್ರೂಡಿನ ಹತ್ತಿರ ಯಾರಾದರೂ ಇದ್ದಾರಾ? 12 ವರ್ಷದ ಹುಡುಗಿಗೆ ಒಂದು ತಿಂಗಳು ಸಾಕಾಗುತ್ತದಾ?