ಅಬ್ಡೊಮೆನ್ ಡಿಸೆಕ್ಷನ್: ಲೆಸ್ಸರ್ ಸ್ಯಾಕ್ ಹುಡುಕುವುದು ಹೇಗೆ?

ಫಸ್ಟ್ ಇಯರ್ ಹುಡುಗಿ:
ಸೀನಿಯರ್ಸ್, ಸ್ವಲ್ಪ ಸಹಾಯ ಬೇಕು. ಕೈಕಾಲಿನ ಡಿಸೆಕ್ಷನ್ ಹೇಗೋ ಆಯ್ತು. ಈಗ ಹೊಟ್ಟೆ ತೆರೆದಿದ್ದೇವೆ. ಎಲ್ಲ ಒಂದಕ್ಕೊಂದು ಅಂಟಿದ ಹಾಗೆ ಕಾಣುತ್ತದೆ. ಸ್ಟಮಕ್ ಹಿಂದಿನ ಚೀಲದಂಥ ಜಾಗ, ಅದೇ ಲೆಸ್ಸರ್ ಸ್ಯಾಕ್, ಎಲ್ಲಿದೆ ಅಂತಲೇ ಗೊತ್ತಾಗುತ್ತಿಲ್ಲ. ಟೇಬಲ್ ಸುತ್ತ ಜನ ಜಾಸ್ತಿ, ನಾನು ಹಿಂದಿನ ಸಾಲು. ವಿಡಿಯೋ ನೋಡಿಕೊಂಡರೆ ಸಾಕಲ್ವಾ?

ಹಳೇ ಟ್ಯೂಟರ್:
ಸಾಕಾಗುವುದಿಲ್ಲಮ್ಮ. ವಿಡಿಯೋದಲ್ಲಿ ಆರ್ಟರಿ ಕೆಂಪು, ವೇನ್ ನೀಲಿ. ಫಾರ್ಮಲಿನ್‌ನಲ್ಲಿ ಇಟ್ಟ ದೇಹದಲ್ಲಿ ಎಲ್ಲವೂ ಮಾಸಲು ಕಂದು. ಇಲ್ಲಿ ಕಣ್ಣಿಗಿಂತ ಬೆರಳು ಮುಖ್ಯ. ನಾಳೆ ಕೇಳಿಕೊಂಡು ಮುಂದೆ ನಿಲ್ಲಿ, ನಾಚಿಕೆ ಬೇಡ.

ಮೊದಲು ಸ್ಕಾಲ್‌ಪೆಲ್ ಕೆಳಗಿಡಿ. ಲಿವರ್ ಅಂಚನ್ನು ಮೇಲಕ್ಕೆತ್ತಿ. ಗಾಲ್‌ಬ್ಲಾಡರ್ ಕತ್ತಿನಿಂದ ದೇಹದ ಎಡಕ್ಕೆ ಸವರುತ್ತಾ ಬಂದರೆ ಲೆಸ್ಸರ್ ಒಮೆಂಟಮ್‌ನ (ಲಿವರ್‌ನಿಂದ ಸ್ಟಮಕ್‌ಗೆ ಇಳಿಯುವ ಪೊರೆ) ಬಲ ಅಂಚು ಸಿಗುತ್ತದೆ. ಅದರ ಹಿಂದೆ ತೋರುಬೆರಳು ತೂರಿಸಿ. ಬೆರಳು ಹೋದ ಕಿಂಡಿಯೇ ಎಪಿಪ್ಲೋಯಿಕ್ ಫೊರಾಮೆನ್, ಲೆಸ್ಸರ್ ಸ್ಯಾಕ್‌ನ ಬಾಗಿಲು. ಈಗ ಬೆರಳಿನ ಮುಂದೆ ಬೈಲ್ ಡಕ್ಟ್ (ಪಿತ್ತನಾಳ) ಬಲಕ್ಕೆ, ಲಿವರ್‌ಗೆ ಹೋಗುವ ಹೆಪಾಟಿಕ್ ಆರ್ಟರಿ ಎಡಕ್ಕೆ, ಇವೆರಡರ ಬೆನ್ನಿಗೆ ಕರುಳಿನ ರಕ್ತ ಲಿವರ್‌ಗೆ ಒಯ್ಯುವ ಪೋರ್ಟಲ್ ವೇನ್. ಬೆರಳಿನ ಹಿಂದೆ ಐವಿಸಿ (ದೇಹದ ಕೆಳಭಾಗದ ರಕ್ತವನ್ನು ಹೃದಯಕ್ಕೆ ಒಯ್ಯುವ ದೊಡ್ಡ ವೇನ್). ವೈವಾದಲ್ಲಿ ಇದನ್ನು ಕೇಳದ ಎಕ್ಸಾಮಿನರ್ ಅಪರೂಪ! ಹೆಬ್ಬೆರಳನ್ನು ಮುಂದಿಟ್ಟು ಆ ಅಂಚನ್ನು ಒತ್ತಿ ನೋಡಿ. ಗಾಯವಾದ ಲಿವರ್‌ನ ರಕ್ತ ನಿಲ್ಲಿಸಲು ಸರ್ಜನ್‌ಗಳು ಒತ್ತುವ ಜಾಗ ಇದೇ. ಗ್ಲಾಸ್ಗೋದ ಪ್ರಿಂಗಲ್ 1908ರಲ್ಲಿ ಬರೆದಿಟ್ಟ ಉಪಾಯ.

ಆಮೇಲೆ ಸ್ಟಮಕ್‌ನ ಗ್ರೇಟರ್ ಕರ್ವೇಚರ್ (ಉದ್ದನೆಯ ಹೊರ ಅಂಚು) ಪಕ್ಕದ ರಕ್ತನಾಳ ಉಳಿಸಿಕೊಂಡು, ಅದರ ಕೆಳಗೆ ಗ್ರೇಟರ್ ಒಮೆಂಟಮ್ (ಅಲ್ಲಿಂದ ಇಳಿಬಿದ್ದ ಕೊಬ್ಬಿನ ಪರದೆ) ಬಿಡಿಸಿ. ಒಂದು ಕೈ ಅಲ್ಲಿಂದ, ಇನ್ನೊಂದು ಕೈಯ ಬೆರಳು ಫೊರಾಮೆನ್‌ನಿಂದ. ಸ್ಟಮಕ್ ಹಿಂದೆ ಎರಡೂ ಭೇಟಿಯಾಗುತ್ತವೆ. ಅದೇ ಲೆಸ್ಸರ್ ಸ್ಯಾಕ್. ಹಿಂದಿನ ಗೋಡೆಯಲ್ಲಿ ಗಂಟುಗಂಟಾಗಿ ತಾಗುವುದು ಪ್ಯಾಂಕ್ರಿಯಾಸ್.

ಸರ್ಜರಿ ಪಿಜಿ:
ಟ್ಯೂಟರ್ ಮೇಡಂ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಚರ್ಮದ ಮೇಲೆ ಹಳೇ ಆಪರೇಷನ್ ಗುರುತು ಇದೆಯಾ ನೋಡಿ. ಇದ್ದರೆ ಒಳಗೆ ನಿಜವಾಗಿಯೂ ಅಂಟಿರಬಹುದು, ಕಿಂಡಿ ಮುಚ್ಚಿರಲೂಬಹುದು. ಸುಮ್ನೆ ಜೋರು ಮಾಡಬೇಡಿ. ಇನ್ನೊಂದು: ಅಪೆಂಡಿಕ್ಸ್ ಸಿಗದಿದ್ದರೆ ಸೀಕಮ್ (ದೊಡ್ಡ ಕರುಳಿನ ಮೊದಲ ಭಾಗ) ಮೇಲಿನ ಟೀನಿಯಾ ಎಂಬ ಸ್ನಾಯು ಪಟ್ಟಿ ಹಿಡಿದು ಕೆಳಗೆ ಹೋಗಿ. ಮೂರೂ ಪಟ್ಟಿ ಸೇರುವುದು ಅಪೆಂಡಿಕ್ಸ್ ಬುಡದಲ್ಲೇ. ಓಟಿಯಲ್ಲೂ ನಾವು ಹುಡುಕುವುದು ಹೀಗೇ.

ಫಸ್ಟ್ ಇಯರ್ ಹುಡುಗಿ:
ಥ್ಯಾಂಕ್ಸ್ ಮೇಡಂ, ಥ್ಯಾಂಕ್ಸ್ ಸರ್. ಸಣ್ಣ ಕರುಳಿನಲ್ಲಿ ಮೇಲಿನ ಭಾಗ ಜೆಜುನಮ್ ಯಾವುದು, ಕೆಳಗಿನ ಭಾಗ ಇಲಿಯಮ್ ಯಾವುದು ಅಂತಲೂ ಗೊತ್ತಾಗುತ್ತಿಲ್ಲ...

ಹಳೇ ಟ್ಯೂಟರ್:
ಮೆಸೆಂಟರಿಯನ್ನು (ಕರುಳನ್ನು ಹಿಂದಿನ ಗೋಡೆಗೆ ಹಿಡಿದಿಡುವ ಪೊರೆ) ಲೈಟಿಗೆ ಹಿಡಿಯಿರಿ. ಕರುಳಿನ ಅಂಚಿನ ಹತ್ತಿರ ಕೊಬ್ಬಿಲ್ಲದೆ ಬೆಳಕು ಹಾಯುವ ಕಿಟಕಿಗಳು ಕಂಡರೆ, ನೇರ ರಕ್ತನಾಳ ಉದ್ದ ಇದ್ದರೆ ಜೆಜುನಮ್. ಕೊಬ್ಬು ಅಂಚಿನವರೆಗೂ ತುಂಬಿದ್ದರೆ ಇಲಿಯಮ್. ನಡುಭಾಗದಲ್ಲಿ ನನಗೂ ಹೇಳಲು ಬರುವುದಿಲ್ಲ, ಅಲ್ಲಿ ಗೆರೆಯೇ ಇಲ್ಲ.