ಶಿಕೋಕು ಬೆಟ್ಟದ ರಸ್ತೆ, ಗುಡಿಗಳ ಫೋಟೊ: ಕಾರೋ ಬಸ್ಸೋ?

ಪ್ರಶ್ನೆ (ಬಸವನಗುಡಿಯಿಂದ): ನವೆಂಬರಿನಲ್ಲಿ ಜಪಾನಿಗೆ ಹೊರಟಿದ್ದೀನಿ. ಕ್ಯೋಟೋದ ನೂಕುನುಗ್ಗಲು ಬೇಡ. ಶಿಕೋಕು ದ್ವೀಪದ ಇಯಾ ಕಣಿವೆ, ಬೆಟ್ಟದ ಗುಡಿಗಳ ಫೋಟೊ ತೆಗೀಬೇಕು. ನಮ್ಮ ಲೈಸೆನ್ಸ್ ಅಲ್ಲಿ ನಡೆಯುತ್ತಾ?

ಮಲ್ಲೇಶ್ವರದಿಂದ: ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸ್ಕೊಳ್ಳಿ, ನಡೆಯುತ್ತೆ. ಅಲ್ಲೂ ಎಡಗಡೆನೇ ಓಡಿಸೋದು. ಕಾರೇ ತಗೊಳ್ಳಿ, ಅದೂ 660 ಸಿಸಿಯ ಪುಟ್ಟ ಕೇ ಕಾರು. ಇಯಾ ಕಡೆಯ 439ನೇ ನಂಬರಿನ ರಸ್ತೆ ಹೆಸರಿಗಷ್ಟೇ ರಾಷ್ಟ್ರೀಯ ಹೆದ್ದಾರಿ. ಎಷ್ಟೋ ಕಡೆ ಒಂದೇ ಕಾರು ಹಿಡಿಯೋಷ್ಟು ಅಗಲ. ಆಗುಂಬೆ ಘಾಟಿ ಓಡಿಸಿದ ಕೈಗೂ ಅಲ್ಲಿ ತಾಳ್ಮೆ ಬೇಕು. ತಿರುವಿನ ದುಂಡು ಕನ್ನಡಿ ನೋಡದೆ ಮುಂದೆ ಹೋಗಲೇಬೇಡಿ. ಆದರೆ ಬೆಳಗಿನ ಮಂಜು ಸೀಡರ್ ಮರಗಳ ಸಂದಿಯಲ್ಲಿ ಕರಗೋವಾಗಿನ ಆ ಬೆಳಕು ಬಸ್ಸಿನವರಿಗೆ ಸಿಗಲ್ಲ! ಶಿಕೋಕು ಸುತ್ತುವ 88 ಬೌದ್ಧ ಗುಡಿಗಳ ಯಾತ್ರೆಯಲ್ಲಿ 66ನೆಯದು ಉನ್‌ಪೆಂಜಿ, ಎಲ್ಲಕ್ಕಿಂತ ಎತ್ತರದ್ದು, 900 ಮೀಟರಿಗೂ ಮೇಲೆ. ರೋಪ್‌ವೇ ಇದೆ. ಅಲ್ಲಿನ ಅರ್ಹಂತರ (ಬುದ್ಧನ ಶಿಷ್ಯರ) ಕಲ್ಲಿನ ವಿಗ್ರಹಗಳಿಗೇ ಅರ್ಧ ದಿನ ಇಟ್ಕೊಳ್ಳಿ.

ಜಯನಗರದಿಂದ: ಒಳಗಿನ ಮೂರ್ತಿಗಳ ಫೋಟೊ ಕೇಳದೆ ತೆಗೀಬೇಡಿ. ಶಿಕೋಕು ಬಿಟ್ಟು ಹೊನ್ಶೂ ದ್ವೀಪದ ಗುಡಿಗಳ ಬೆಟ್ಟ ಕೋಯಾಸಾನ್‌ಗೂ ಹೋದ್ರೆ, ಅಲ್ಲಿನ ಸಮಾಧಿಗಳ ಪವಿತ್ರ ಜಾಗ ಓಕುನೊಇನ್‌ನಲ್ಲಿ ಗೊಬ್ಯೋ ಸೇತುವೆ ದಾಟಿದ ಮೇಲೆ ಕ್ಯಾಮೆರಾ ಚೀಲದಲ್ಲೇ ಇರಬೇಕು.

ಬಸವನಗುಡಿಯಿಂದ: ಸರಿ ಸಾರ್, ಸಂಜೆ ಎಷ್ಟೊತ್ತಿನವರೆಗೆ ಬೆಳಕಿರುತ್ತೆ?

ಮಲ್ಲೇಶ್ವರದಿಂದ: ಐದರ ಸುಮಾರಿಗೇ ಸೂರ್ಯ ಮುಳುಗ್ತಾನೆ, ಕಣಿವೆಯಲ್ಲಿ ಇನ್ನೂ ಬೇಗ ನೆರಳು. ನಾಲ್ಕಕ್ಕೆಲ್ಲ ರೂಮು ಸೇರ್ಕೊಳ್ಳಿ.